ಕಡಿತ ವಿಫಲವಾಗಿದೆ

"ಈ ಬೀದಿಯವರ ಜುಟ್ಟೆಲ್ಲ ನನ್ನ ಕೈಯಲ್ಲಿದೆ. ನನ್ನ ಜುಟ್ಟು ಮಾತ್ರ ಒಂದು ಕಂಪನಿ ಕೈಯಲ್ಲಿ ಇರಬೇಕಾ? ಸಾಧ್ಯವೇ ಇಲ್ಲ!"

ಹೀಗೆಂದು ಕತ್ತರಿಯಣ್ಣ ಬಲಗೈಯ ಕತ್ತರಿಯನ್ನು ಮೇಲೆತ್ತಿ ಘೋಷಿಸಿದಾಗ ಅವನ ಎಡಗೈಯಲ್ಲಿ ಮೆಡಿಕಲ್ ಶಾಪಿನವರ ಕಿವಿ ಇತ್ತು. ಕಿವಿ ಉಳಿದರೆ ಸಾಕೆಂದು ಅವರು, ಹೌದಣ್ಣ, ಇರಲೇಬಾರದು ಎಂದು ಕೂಡಲೇ ಒಪ್ಪಿಕೊಂಡರು. ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರೂ ತಲೆಯಾಡಿಸಿದರು. ಸಲೂನಿನಲ್ಲಿ ಕೂತವರು ಸಲೂನಿನ ಯಜಮಾನನಿಗೆ ಎದುರಾಡುವುದುಂಟೆ? ಗಲ್ಲಾದ ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಅವನ ಹೆಂಡತಿ ಮಾತ್ರ "ಸರಿ" ಅಂದಳು.

ಈ 'ಸರಿ'ಯ ಬಗ್ಗೆ ಈಗಲೇ ಹೇಳಿಬಿಡುವುದು ಒಳ್ಳೆಯದು. ಬೀದಿಯವರೆಲ್ಲ ಅವನನ್ನು ಅಣ್ಣ ಅನ್ನುವುದರಿಂದ ಅವಳು ಬೀದಿಗೆಲ್ಲ ಅತ್ತಿಗೆ. ಅತ್ತಿಗೆಯ ಬಾಯಿಂದ ಬರುವ ಸರಿಗಳಲ್ಲಿ ಹಲವು ಜಾತಿ. ಮಾಮೂಲಿ ಸರಿ ಅಂದರೆ ಒಪ್ಪಿಗೆ. ರಾಗ ಎಳೆದ ಸರಿ ಅಂದರೆ, ಆಗಲಿ, ನೋಡೋಣ. ಡಬ್ಬಿಯ ಮುಚ್ಚಳ ಟಪ್ ಅಂತ ಹಾಕಿದ ಹಾಗೆ ಒಂದು ಸರಿ ಬಂತೋ, ಅದಕ್ಕೆ 'ನಿಮ್ಮ ಹಣೆಬರಹ' ಅಂತಲೇ ಅರ್ಥ. ಅವತ್ತು ಬಂದದ್ದು ಮುಚ್ಚಳದ ಸರಿ. ಕತ್ತರಿಯಣ್ಣ ಕತ್ತರಿ ಹಿಡಿಯುವುದು ಕಲಿತ, ಬಾಣಂತಿಯ ನಿದ್ದೆ ಕೆಡದಂತೆ ಕೂಸಿನ ತಲೆ ಬೋಳಿಸುವುದು ಕಲಿತ, ಈ ವ್ಯಾಕರಣ ಮಾತ್ರ ಇಷ್ಟು ವರ್ಷದ ಸಂಸಾರದಲ್ಲೂ ಅವನ ತಲೆಗೆ ಹತ್ತಲಿಲ್ಲ.

ಅವನ ಸಿಟ್ಟಿಗೆ ಕಾರಣ ಇಲ್ಲದೆ ಇರಲಿಲ್ಲ. ಅಂಗಡಿಯಲ್ಲಿ ಒಂದು ಕಾರ್ಡ್ ಮಷೀನಿತ್ತು. ಗಿರಾಕಿ ಕಾರ್ಡು ಉಜ್ಜಿದರೆ ದುಡ್ಡು ಅವನ ಖಾತೆಯಿಂದ ಹೊರಟು ಇವನ ಖಾತೆ ಸೇರುತ್ತಿತ್ತು. ನಡುದಾರಿಯಲ್ಲಿ ಮಷೀನಿನ ಕಂಪನಿ ಒಂದು ಚೂರು ಕಚ್ಚಿಕೊಳ್ಳುತ್ತಿತ್ತು. ಮೊದಮೊದಲು ಇರುವೆ ಕಚ್ಚಿದಷ್ಟು, ಬರಬರುತ್ತಾ ಇಲಿ ಕಚ್ಚಿದಷ್ಟು. ಯಾಕ್ರೀ ಹೀಗೆ ಎಂದು ಫೋನು ಮಾಡಿದರೆ ಗಂಟೆಗಟ್ಟಲೆ ಹೋಲ್ಡಿನಲ್ಲಿಟ್ಟು ಪಿಟೀಲು ಕೇಳಿಸುತ್ತಿದ್ದರು. ಬಿಟ್ಟು ಹೋಗುತ್ತೇನೆ ಅಂದರೆ, ಒಪ್ಪಂದ ಮುಗಿಯುವ ತನಕ ಬಿಡುವಂತಿಲ್ಲ ಅನ್ನುತ್ತಿದ್ದರು. ಊರಿನವರ ತಲೆ ಬೋಳಿಸುವವನ ತಲೆಯನ್ನೇ ನುಣ್ಣಗೆ ಬೋಳಿಸುತ್ತಿದ್ದಾರಲ್ಲ ಎಂದು ಅವನ ಹೊಟ್ಟೆ ಉರಿಯುತ್ತಿತ್ತು. ಆ ಒಪ್ಪಂದ ಅವತ್ತಿಗೆ ಮುಗಿದಿತ್ತು.

ಸುದ್ದಿ ಹೇಗೆ ಹಬ್ಬಿತೋ, ಬೆಲ್ಲಕ್ಕೆ ನೊಣ ಮುತ್ತಿದ ಹಾಗೆ ಬೇರೆ ಬೇರೆ ಕಂಪನಿಯವರು ಬಂದು ಮುತ್ತಿಕೊಂಡರು. ಎಲ್ಲರ ಕೈಯಲ್ಲೂ ಚೀಲ, ಎಲ್ಲರ ಬಾಯಲ್ಲೂ 'ಸಾರ್'. ಕತ್ತರಿಯಣ್ಣನನ್ನು ಹುಟ್ಟಿದಾರಭ್ಯ ಯಾರೂ ಅಷ್ಟು ಸಲ ಸಾರ್ ಅಂದಿರಲಿಲ್ಲ. ಪೈಪೋಟಿ ಇದ್ದರೆ ವ್ಯಾಪಾರಿಗೆ ಲಾಭ ಸಾರ್, ಆಯ್ಕೆ ಇದ್ದರೆ ಗಿರಾಕಿಗೆ ಖುಷಿ ಸಾರ್, ನಮ್ಮದೊಂದು ಇಟ್ಟು ನೋಡಿ ಸಾರ್. ಒಬ್ಬ ದಪ್ಪನೆಯ ಮನುಷ್ಯ ಮಾತಾಡುತ್ತಾ ಮಾತಾಡುತ್ತಾ ಗಡ್ಡವನ್ನೂ ಬಿಟ್ಟಿಯಾಗಿ ಮಾಡಿಸಿಕೊಂಡು ಹೋದ. ಕತ್ತರಿಯಣ್ಣ ಯಾರಿಗೂ ಇಲ್ಲ ಅನ್ನಲಿಲ್ಲ. ನೀಲಿ, ಹಳದಿ, ಹಸಿರು, ಕಪ್ಪು ಎಂದು ನಾಲ್ಕು ಬಣ್ಣದ ನಾಲ್ಕು ಮಷೀನು ಅಂಗಡಿಗೆ ಬಂದವು. ಬಾಗಿಲ ಮೇಲೆ ಹೊಸ ಬೋರ್ಡೂ ಬಂತು: 'ನಿಮ್ಮ ತಲೆ, ನಿಮ್ಮ ಇಷ್ಟ. ನಿಮ್ಮ ದುಡ್ಡು, ನಿಮ್ಮ ಆಯ್ಕೆ.'

ಆದರೆ ಮಷೀನು ಇಡುವುದೆಲ್ಲಿ? ಗಲ್ಲಾ ಇದ್ದದ್ದೇ ಒಂದೂವರೆ ಮೊಳ. ಅದರ ಮೇಲೆ ಅತ್ತಿಗೆಯ ತಗಡಿನ ಡಬ್ಬಿ, ಕನ್ನಡಕದ ಕೇಸು, ನೀರಿನ ಬಾಟಲಿ, ಅರ್ಧ ಬಿಡಿಸಿದ ಪದಬಂಧ, ಇವೆಲ್ಲದರ ನಡುವೆ ಅವಳ ಮೊಣಕೈ. ಮಷೀನುಗಳು ನಾಲ್ಕು, ಅತ್ತಿಗೆ ಒಬ್ಬಳು. ಬಹುಮತ ಯಾರ ಕಡೆ ಅಂತ ಬೇರೆ ಹೇಳಬೇಕೆ?

ಕತ್ತರಿಯಣ್ಣ ಅವಳನ್ನು ಕರೆದು, ದನಿಗೆ ಜೇನುತುಪ್ಪ ಸವರಿ ಹೇಳಿದ: "ನೋಡೇ, ನಿನಗೂ ಸೊಂಟನೋವು. ಎಷ್ಟು ವರ್ಷ ಅಂತ ಈ ಸ್ಟೂಲಿನ ಮೇಲೆ ಕೂತ್ಕೋತೀಯಾ? ಮನೇಲಿ ಆರಾಮಾಗಿರು. ಇಲ್ಲಿಂದಾಚೆಗೆ ಇವು ನೋಡ್ಕೊಳ್ತವೆ."

ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದಕ್ಕೆ ನಾನು ಬೇಕಾದರೆ ಜಾಮೀನು ನಿಲ್ಲುತ್ತೇನೆ. ಹೆಂಡತಿಗೆ ಪೆನ್ಶನ್ ಮಂಜೂರು ಮಾಡುತ್ತಿದ್ದೇನೆ ಎಂದೇ ಅವನು ತಿಳಿದಿದ್ದ. ಅತ್ತಿಗೆ ಮಷೀನುಗಳನ್ನು ಒಮ್ಮೆ ನೋಡಿದಳು, ಗಂಡನನ್ನು ಒಮ್ಮೆ ನೋಡಿದಳು, ಟಪ್ ಅಂತ "ಸರಿ" ಅಂದಳು. ಡಬ್ಬಿ, ಕನ್ನಡಕ, ಪದಬಂಧ ಎತ್ತಿಕೊಂಡು ಪರದೆ ಸರಿಸಿ ಒಳಗೆ ಹೋದಳು. ಅಂಗಡಿಯ ಬೆನ್ನಿಗೇ ಅವರ ಮನೆ. ನಡುವೆ ಒಂದು ಪರದೆ, ಅದರಾಚೆ ಅಡುಗೆಮನೆ, ಅಡುಗೆಮನೆಯ ಕಿಟಕಿ ತೆರೆದರೆ ಪಕ್ಕದ ಓಣಿ.

ಸ್ವಾತಂತ್ರ್ಯದ ಮೊದಲನೇ ದಿನ ಬಂದವನು ಬಸ್ ಕಂಡಕ್ಟರ್. ಹೊಸ ಗುರುತಿನ ಚೀಟಿಗೆ ಫೋಟೋ ತೆಗೆಸಬೇಕಿತ್ತು, ನೀಟಾಗಿ ಹೊಡೀರಣ್ಣ ಅಂದ. ಕತ್ತರಿಯಣ್ಣ ತನ್ನ ಕಸುಬನ್ನೆಲ್ಲ ಆ ತಲೆಯ ಮೇಲೆ ಧಾರೆಯೆರೆದ. ಕಂಡಕ್ಟರ್ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು ನಾಚಿ, ಕಾರ್ಡು ತೆಗೆದು ಹಳದಿ ಮಷೀನಿಗೆ ಮುಟ್ಟಿಸಿದ. ಮಷೀನು ಅಂಗಡಿಯೆಲ್ಲ ಕೇಳುವ ಹಾಗೆ, ಬಲು ಇಂಪಾದ ಹೆಣ್ಣು ದನಿಯಲ್ಲಿ ನುಡಿಯಿತು:

"ಕ್ಷಮಿಸಿ. ಕಡಿತ ವಿಫಲವಾಗಿದೆ."

ಕಂಡಕ್ಟರನ ಮುಖ ಸಣ್ಣದಾಯಿತು. ಮತ್ತೆ ಕನ್ನಡಿಯ ಕಡೆ ತಿರುಗಿ ಎಡಗಡೆ ನೋಡಿಕೊಂಡ, ಬಲಗಡೆ ನೋಡಿಕೊಂಡ. ಹೌದಣ್ಣ, ನನಗೂ ಹಿಂದುಗಡೆ ಏನೋ ಹಾಗೇ ಅನ್ನಿಸಿತು ಅಂದ. ಕತ್ತರಿಯಣ್ಣ ಗಾಬರಿಯಾಗಿ, ಅದು ಹೇಳಿದ್ದು ಕೂದಲಿನ ಕಡಿತ ಅಲ್ಲಪ್ಪ, ದುಡ್ಡಿನ ಕಡಿತ ಎಂದು ಬಿಡಿಸಿ ಹೇಳುವಷ್ಟರಲ್ಲಿ ಮಷೀನು ಮುಂದುವರಿಸಿತು: "ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ."

ಕಂಡಕ್ಟರ್ ದಿನವಿಡೀ ಇನ್ನೊಬ್ಬರಿಗೆ ಒಳಗೆ ಹೋಗಿ, ಒಳಗೆ ಹೋಗಿ ಅಂತ ಹೇಳುವವನು. ಪ್ರಕಟಣೆಗೆ ಬೆಲೆ ಕೊಡಬೇಕೆಂದು ಅವನಿಗೆ ಗೊತ್ತು. ಮರುಮಾತಾಡದೆ ಹೋಗಿ ಮತ್ತೆ ಕುರ್ಚಿಯ ಮೇಲೆ ಕೂತ! ಗಿರಾಕಿಯ ಆಯ್ಕೆ ಎಂದು ಬೋರ್ಡು ಹಾಕಿಕೊಂಡವನು ಏನು ಮಾಡಬೇಕು? ಕತ್ತರಿಯಣ್ಣ ಹಿಂದುಗಡೆ ಇನ್ನೊಂದಿಷ್ಟು ತೆಗೆದ. ಹಳದಿಗೆ ಸಮಾಧಾನವಾಗಲಿಲ್ಲ. ಹಸಿರಿಗೆ ಮುಟ್ಟಿಸಿದರು, ಅದೂ ಕ್ಷಮೆ ಕೇಳಿತು. ಕಂಡಕ್ಟರ್ ಮತ್ತೆ ಕೂತ, ಇವನು ಪಕ್ಕದಲ್ಲಿ ತೆಗೆದ. ಕೊನೆಗೆ ಕಪ್ಪು ಮಷೀನು ಧನ್ಯವಾದ ಹೇಳುವ ಹೊತ್ತಿಗೆ ಕಂಡಕ್ಟರನ ತಲೆ ಒರೆಸಿಟ್ಟ ಸ್ಲೇಟಿನ ಹಾಗಿತ್ತು. ಮಾರನೇ ದಿನ ಡಿಪೋದ ಕಾವಲುಗಾರ, ನೀನು ಯಾರಪ್ಪಾ ಎಂದು ಅವನನ್ನು ಗೇಟಿನಲ್ಲೇ ನಿಲ್ಲಿಸಿದನಂತೆ.

ಅವನ ಹಿಂದೆ ಬಂದವರು ರಿಟೈರಾದ ಹೆಡ್‌ಮೇಷ್ಟ್ರು. ಅವರ ತಲೆಯ ಮೇಲೆ ಎಣಿಸಿದರೆ ಸಿಗುವಷ್ಟು ಕೂದಲು. ಆದರೂ ತಿಂಗಳಿಗೊಮ್ಮೆ ತಪ್ಪದೆ ಬರುತ್ತಾರೆ, ಉಳಿದವನ್ನು ಎಡದಿಂದ ಬಲಕ್ಕೆ ಹಾಸಿಸಿಕೊಂಡು ಹೋಗುತ್ತಾರೆ. ಹಾಸುವುದು ಮುಗಿಯಿತು. ಮೇಷ್ಟ್ರು ಕಾರ್ಡನ್ನು ಕನ್ನಡಕದ ಹತ್ತಿರ ಹಿಡಿದು ಪರೀಕ್ಷಿಸಿ ನೀಲಿ ಮಷೀನಿಗೆ ಮುಟ್ಟಿಸಿದರು.

"ಕ್ಷಮಿಸಿ," ಅಂದಿತು ನೀಲಿ. "ಉಳಿಕೆ ಸಾಕಷ್ಟಿಲ್ಲ."

ಬೆಂಚಿನ ಮೇಲಿದ್ದವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ಪೇಪರು ಗಡಗಡ ನಡುಗಿತು. ಮೇಷ್ಟ್ರು ಕಾರ್ಡು ಜೇಬಿಗೆ ಹಾಕಿಕೊಂಡು, "ನನಗೆ ಗೊತ್ತಿರೋ ವಿಷಯಾನ ಬೀದಿಗೆಲ್ಲ ಸಾರೋಕೆ ಇದನ್ನ ತಂದಿಟ್ಟಿದೀಯೇನಪ್ಪಾ?" ಅಂದರು. ದುಡ್ಡು ನಾಳೆ ಕೊಡುತ್ತೇನೆಂದು ಹೇಳಿ, ಹಾಸಿದ ಕೂದಲು ಕದಲದಂತೆ ಮೆಲ್ಲಗೆ ನಡೆದುಹೋದರು.

ಇದೆಲ್ಲ ಹೊಸತರಲ್ಲಿ ಆಗುವಂಥದ್ದೇ, ಮಷೀನಿಗೂ ಕೈ ಪಳಗಬೇಕು ಎಂದು ಕತ್ತರಿಯಣ್ಣ ತನಗೆ ತಾನೇ ಸಮಾಧಾನ ಹೇಳಿಕೊಂಡ. ಅಷ್ಟರಲ್ಲಿ ಕಂಪನಿಗಳಿಂದ ಫೋನು ಶುರುವಾಯಿತು. ಸಾರ್, ನಮ್ಮ ಮಷೀನಿನಲ್ಲಿ ತಿಂಗಳಿಗೆ ಇಷ್ಟಾದರೂ ವ್ಯಾಪಾರ ಆಗಲೇಬೇಕು ಸಾರ್, ಇಲ್ಲದಿದ್ದರೆ ಬಾಡಿಗೆ ಬೀಳುತ್ತದೆ ಸಾರ್. ನಾಲ್ಕು ಕಂಪನಿಯವರದೂ ಅದೇ ರಾಗ. ಆಗ ಕತ್ತರಿಯಣ್ಣನಿಗೆ ತನ್ನ ಸ್ಥಿತಿ ಅರ್ಥವಾಯಿತು. ಮೊದಲಾದರೆ ಜುಟ್ಟು ಒಬ್ಬನ ಕೈಯಲ್ಲಿತ್ತು. ಈಗ ಅದನ್ನೇ ನಾಲ್ಕು ಪಾಲು ಮಾಡಿ, ಜಡೆ ಹೆಣೆದು, ನಾಲ್ವರ ಕೈಗೂ ತಾನೇ ಕೊಟ್ಟಿದ್ದ!

ಅಲ್ಲಿಂದ ಗಿರಾಕಿಗಳ ಸ್ವಾತಂತ್ರ್ಯಕ್ಕೂ ಸಂಚಕಾರ ಬಂತು. ಆಯ್ಕೆ ನಿಮ್ಮದೇ ಸಾರ್, ಆದರೆ ದಯವಿಟ್ಟು ಹಸಿರು ಬೇಡ, ಅದಕ್ಕೆ ಹೊಟ್ಟೆ ತುಂಬಿದೆ, ಕಪ್ಪು ಪಾಪ ಬೆಳಗಿನಿಂದ ಉಪವಾಸ ಎಂದು ಅವನು ಗೋಗರೆಯತೊಡಗಿದ. ಒಬ್ಬರ ಮುಖಕ್ಕೆ ಸೋಪಿನ ನೊರೆ ಬಳಿದು, ಇನ್ನೊಬ್ಬರ ಕಾರ್ಡು ಹಿಡಿದು ಗಲ್ಲಾಕ್ಕೆ ಓಡಿ, ಮಷೀನನ್ನು ನೆಟ್‌ವರ್ಕಿಗಾಗಿ ಬಾಗಿಲಾಚೆ ಎತ್ತಿ ಹಿಡಿದು ವಾಪಸ್ ಬರುವಷ್ಟರಲ್ಲಿ ನೊರೆ ಒಣಗಿ ಚಕ್ಕೆ ಏಳುತ್ತಿತ್ತು. ಬಾಯಾರಿದರೂ ನೀರು ಕುಡಿಯಲು ಪುರುಸೊತ್ತಿಲ್ಲ.

ಪುರುಸೊತ್ತಿಲ್ಲ ಅನ್ನುವುದಕ್ಕಿಂತ, ನೀರು ಬೇಕಾ ಎಂದು ಕೇಳುವವರಿಲ್ಲ. ಮೊದಲೆಲ್ಲ ಕತ್ತರಿಯಣ್ಣ ಕೂದಲು ಕತ್ತರಿಸುತ್ತಾ ತಲೆಯೆತ್ತಿದರೆ ಕನ್ನಡಿಯಲ್ಲಿ ಹೆಂಡತಿಯ ಮುಖ ಕಾಣುತ್ತಿತ್ತು. ಅವನು ಅರ್ಧ ಜೋಕು ಹೇಳಿದರೆ ಉಳಿದರ್ಧ ಅವಳು ಮುಗಿಸುತ್ತಿದ್ದಳು. ಯಾವ ಗಿರಾಕಿಯ ಮಗಳಿಗೆ ಪರೀಕ್ಷೆ, ಯಾರ ಅತ್ತೆಗೆ ಆಪರೇಷನ್ ಎಂದು ಅವಳು ಕೇಳುತ್ತಿದ್ದಳು, ಇವನು ಹೂಂಗುಟ್ಟುತ್ತಿದ್ದ. ಈಗ ಕನ್ನಡಿಯಲ್ಲಿ ನಾಲ್ಕು ಬಣ್ಣದ ದೀಪಗಳು ಮಿಣಮಿಣ ಅನ್ನುತ್ತವೆ. ಒಂದು ದಿನ ಅವನು ಹಳೇ ಅಭ್ಯಾಸದಲ್ಲಿ, ಅಲ್ವೇನೇ ಎಂದು ಗಲ್ಲಾದ ಕಡೆ ತಿರುಗಿದ. "ದಯವಿಟ್ಟು ಕಾಯಿರಿ," ಅಂದಿತು ಹಳದಿ. ಅವಳಿಲ್ಲದೆ ಬೇಜಾರಾಗಿದೆ ಅಂತ ಬಾಯಿಬಿಟ್ಟು ಹೇಳಲು ಗಂಡಸುತನ ಅಡ್ಡ ಬಂತು.

ಇದ್ದಕ್ಕಿದ್ದ ಹಾಗೆ ಮಷೀನುಗಳು ಮೂಕವಾದವು. ಕೆಟ್ಟವು ಅಂದುಕೊಳ್ಳಬೇಡಿ, ಚೆನ್ನಾಗೇ ಇದ್ದವು. ಮುಟ್ಟುವವರೇ ಇಲ್ಲ. ಬರುವ ಗಿರಾಕಿಗಳಿಗೇನೂ ಕಮ್ಮಿಯಿಲ್ಲ, ಬೆಂಚು ತುಂಬಿರುತ್ತಿತ್ತು. ಆದರೆ ಕೆಲಸ ಮುಗಿದ ಕೂಡಲೇ ಪ್ರತಿಯೊಬ್ಬರೂ ಜೇಬು ತಟ್ಟಿ, ಆಮೇಲೆ ಕೊಡ್ತೀನಣ್ಣ ಎಂದು ನಗುತ್ತಾ ಹೊರಟುಬಿಡುತ್ತಿದ್ದರು. ಗಡ್ಡಕ್ಕೆ ಬಂದ ಕಂಡಕ್ಟರ್ ಹಾಗೇ ಹೋದ. ದಿನಬೆಳಗಾದರೆ ಗಡ್ಡಕ್ಕೆ ಬರುವ ಮೇಷ್ಟ್ರೂ ಹಾಗೇ ಹೋದರು. ದಿನವಿಡೀ ಬೇರೆಯವರಿಂದ ದುಡ್ಡು ಎಣಿಸಿಕೊಳ್ಳುವ ಮೆಡಿಕಲ್ ಶಾಪಿನವರೂ ಹಾಗೇ ಹೋದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಅವನು ಹೆಂಡತಿಯ ಹತ್ತಿರ ತೋಡಿಕೊಂಡ. "ಈ ಬೀದಿಗೆ ಏನೋ ಆಗಿದೆ ಕಣೇ. ಎಲ್ಲರೂ ಸಾಲಗಾರರಾಗಿಬಿಟ್ರು."

"ಕೊಡ್ತಾರೆ ಬಿಡಿ," ಎಂದು ಅತ್ತಿಗೆ ಇನ್ನೊಂದು ಸೌಟು ಬಡಿಸಿದಳು. "ಎಲ್ಲಿಗೆ ಹೋಗ್ತಾರೆ?"

ಅವಳ ಮುಖದಲ್ಲಿ ಎಂದಿಲ್ಲದ ಕಳೆ ಇತ್ತು. ಅದನ್ನು ಕತ್ತರಿಯಣ್ಣ ಗಮನಿಸದೆ ಇರಲಿಲ್ಲ. ಗಮನಿಸಿ, ನೋಡಿದೆಯಾ, ವಿಶ್ರಾಂತಿ ಕೊಟ್ಟದ್ದಕ್ಕೆ ಹೇಗೆ ಹೊಳೆಯುತ್ತಿದ್ದಾಳೆ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಬುದ್ಧಿವಂತರ ಲಕ್ಷಣವೇ ಹಾಗೆ.

ಸಂಜೆ ನೆಲ ಗುಡಿಸಿ ಕೂದಲನ್ನು ಬುಟ್ಟಿಗೆ ತುಂಬಿ ಪಕ್ಕದ ಓಣಿಗೆ ಹೋದವನು ಹಾಗೇ ನಿಂತುಬಿಟ್ಟ. ಓಣಿಯಲ್ಲಿ ಒಂದು ಸಾಲು. ಎಲ್ಲರೂ ಅವನಿಗೆ ಬೆನ್ನು ಹಾಕಿ ನಿಂತಿದ್ದರು. ಮುಖ ಕಾಣದಿದ್ದರೇನಂತೆ? ಒಂದೊಂದು ಹಿಂದಲೆಯನ್ನೂ ಅವನು ಗುರುತಿಸಿದ. ಎಲ್ಲವೂ ತನ್ನದೇ ಕೈಕೆಲಸ, ಹೆಚ್ಚಿನವು ಅವತ್ತಿನವೇ, ಇನ್ನೂ ಪೌಡರು ಹೋಗಿರಲಿಲ್ಲ. ಬಿಟ್ಟಿಯಾಗಿ ಏನು ಹಂಚುತ್ತಿದ್ದಾರೋ ಎಂದು ಕುತೂಹಲವಾಗಿ ಪಕ್ಕದಿಂದ ಇಣುಕಲು ಹೋದರೆ ಒಬ್ಬರು ತಿರುಗಿಯೂ ನೋಡದೆ, ಸಾಲಿನಲ್ಲಿ ಬನ್ನಿ ಸ್ವಾಮಿ ಎಂದು ಗದರಿದರು. ಕತ್ತರಿಯಣ್ಣ ಬುಟ್ಟಿ ಹಿಡಿದುಕೊಂಡು ಸಾಲಿನಲ್ಲಿ ನಿಂತ.

ಸಾಲು ಬೇಗ ಕರಗುವ ಲಕ್ಷಣ ಕಾಣಲಿಲ್ಲ. ಮೇಷ್ಟ್ರು ತಮ್ಮ ಮಂಡಿನೋವಿನ ಪುರಾಣ ಹೇಳುತ್ತಿದ್ದರು, ಒಳಗಿಂದ ಯಾರೋ ಕೇಳಿಸಿಕೊಂಡು ಬಿಸಿನೀರಿನ ಶಾಖ ಕೊಡಿ ಅನ್ನುತ್ತಿದ್ದರು. ಕಂಡಕ್ಟರನಿಗೆ, ಕೂದಲಲ್ವಾ, ಬೆಳೆಯುತ್ತೆ ಬಿಡಪ್ಪ ಎಂದು ಸಮಾಧಾನ ಸಿಕ್ಕಿತು. ಒಬ್ಬರು ನೋಟು ಕೊಟ್ಟರು, ಇನ್ನೊಬ್ಬರು ಕಿಟಕಿಯ ಸರಳಿಗೆ ಒರಗಿಸಿಟ್ಟಿದ್ದ ಫೋನಿಗೆ ತಮ್ಮ ಫೋನು ತೋರಿಸಿದರು. ಇನ್ನೊಬ್ಬರು ಪರ್ಸು ಮರೆತೆ ಅಂದದ್ದಕ್ಕೆ, ನಾಳೆ ಬರುವಾಗ ತನ್ನಿ ಎಂಬ ಉತ್ತರ ಬಂತು. ಯಾರಿಗೂ ಯಾವುದೂ ವಿಫಲವಾಗಲಿಲ್ಲ.

ಕತ್ತರಿಯಣ್ಣನ ಸರದಿ ಬಂತು. ಕಿಟಕಿಯ ಆಚೆ ಅತ್ತಿಗೆ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದಳು. ಪಕ್ಕದಲ್ಲೇ ತಗಡಿನ ಡಬ್ಬಿ.

"ನಿಮ್ಮದೇನು, ಕಟಿಂಗಾ, ಶೇವಿಂಗಾ?" ಎಂದು ತಲೆಯೆತ್ತದೆ ಕೇಳಿದಳು. ಆಮೇಲೆ ತಲೆಯೆತ್ತಿದಳು. ಹುರುಳಿಕಾಯಿ ಕೈಯಲ್ಲೇ ಉಳಿಯಿತು.

"ನನ್ನ ಗಿರಾಕಿಗಳನ್ನ ಸೆಳೆದುಕೊಂಡು ನನಗೇ ಪೈಪೋಟಿನಾ?" ಅಂದ ಕತ್ತರಿಯಣ್ಣ. ಸಿಟ್ಟಿನಿಂದ ಹೇಳಬೇಕೆಂದಿದ್ದ ಮಾತು ಯಾಕೋ ಅಳುಮೋರೆಯಲ್ಲಿ ಬಂತು.

ಉತ್ತರ ಕೊಟ್ಟವರು ಪಕ್ಕದಲ್ಲೇ ಮಂಡಿ ತಿಕ್ಕಿಕೊಳ್ಳುತ್ತಾ ನಿಂತಿದ್ದ ಮೇಷ್ಟ್ರು. "ನಿಮ್ಮ ದುಡ್ಡು, ನಿಮ್ಮ ಆಯ್ಕೆ ಅಂತ ಬರೆಸಿದೋನು ನೀನೇ ಅಲ್ವೇನಪ್ಪಾ? ನಾವು ಆಯ್ಕೆ ಮಾಡ್ಕೊಂಡ್ವಿ." ಅವರೇ ಹೇಳಿದ ಪ್ರಕಾರ ಮೊದಲು ಕಿಟಕಿಗೆ ಬಂದವರೂ ಅವರೇ. ಬಾಕಿ ಕೊಡಲು ಮಾರನೇ ದಿನ ಅಂಗಡಿಗೆ ಹೊರಟವರು ಓಣಿಯ ಕಿಟಕಿಯಲ್ಲಿ ಅತ್ತಿಗೆಯನ್ನು ಕಂಡು, ಆ ಬಾಯಿಬಡುಕ ಮಷೀನಿಗಿಂತ ಇದೇ ವಾಸಿ ಎಂದು ಕೊಟ್ಟಿದ್ದರು. ಅವರು ಇನ್ನೊಬ್ಬರಿಗೆ ಹೇಳಿದರು, ಇನ್ನೊಬ್ಬರು ಮತ್ತೊಬ್ಬರಿಗೆ. ಇಷ್ಟು ಹೇಳಿ, ಗಂಡಹೆಂಡಿರ ನಡುವೆ ತಮಗೇನು ಕೆಲಸ ಎಂದು ಮೇಷ್ಟ್ರು ಉಳಿದವರನ್ನೂ ಕರೆದುಕೊಂಡು ಹೋದರು.

ಓಣಿ ಖಾಲಿಯಾಯಿತು. ಅತ್ತಿಗೆ ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲೆ ತಂದಿಟ್ಟಳು. ಎಲ್ಲ ಇದರಲ್ಲೇ ಇದೆ, ಎಣಿಸಿಕೊಳ್ಳಿ ಅಂದಳು. ಕತ್ತರಿಯಣ್ಣ ಡಬ್ಬಿಯನ್ನು ಮುಟ್ಟಲಿಲ್ಲ.

"ನನಗೊಂದು ಮಾತು ಹೇಳಬಾರದಿತ್ತಾ?" ಅಂದ.

"ನೀವು ಕೇಳಿದ್ರಾ?" ಅಂದಳು ಅತ್ತಿಗೆ. ಅವಳ ದನಿ ಏರಲಿಲ್ಲ, ಆದರೆ ಕಣ್ಣು ತುಂಬಿತ್ತು. "ದಾರಿಹೋಕರಿಗೆಲ್ಲ ಯಾವ ಬಣ್ಣದ್ದು ಬೇಕು ಅಂತ ಕೇಳಿದ್ರಿ. ನಿನಗೆ ಎಲ್ಲಿ ಕೂತ್ಕೋಬೇಕು ಅಂತಿದೆ ಅಂತ ನನ್ನ ಕೇಳಿದ್ರಾ? ಸೊಂಟ ನೋವು ಅಂದಿದ್ದೆ, ನಿಜ. ಸ್ಟೂಲು ಬದಲಾಯಿಸಿ ಅಂದಿದ್ದೆ. ನನ್ನನ್ನ ಬದಲಾಯಿಸಿ ಅಂದಿರಲಿಲ್ಲ."

ಕತ್ತರಿಯಣ್ಣನಿಗೆ ಕೈಯಲ್ಲಿದ್ದ ಬುಟ್ಟಿ ಭಾರವಾಯಿತು. ಬುಟ್ಟಿಯನ್ನು ಕೆಳಗಿಟ್ಟು, ಸರಳು ಹಿಡಿದುಕೊಂಡು, ಕೊನೆಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ತಪ್ಪಾಯ್ತು ಕಣೇ. ನೀನಿಲ್ಲದೆ ಅಂಗಡಿ ಬಿಕೋ ಅಂತಿದೆ. ತಲೆಯೆತ್ತಿದ್ರೆ ನೀನು ಕಾಣಲ್ಲ. ಜೋಕೆಲ್ಲ ಅರ್ಧಕ್ಕೇ ನಿಂತಿವೆ. ವಾಪಸ್ ಬಾ."

ಇಷ್ಟು ಕೇಳಿ ಯಾವ ಹೆಂಡತಿಯಾದರೂ ಕರಗಬೇಕು. ಅತ್ತಿಗೆಯೂ ಕರಗಿದಳು, ಆದರೆ ವ್ಯಾಪಾರದ ಮಾತು ಮುಗಿಯದೆ ಪೂರ್ತಿ ಕರಗುವ ಹೆಂಗಸಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಯೋಚನೆ ಮಾಡಿ ಹೇಳ್ತೀನಿ ಅಂದಳು.

"ಯೋಚನೆ ಯಾಕೆ?"

"ಮೆಡಿಕಲ್ ಶಾಪಿನವರು ಅವರ ಗಲ್ಲಾದಲ್ಲಿ ಕೂತ್ಕೊಳ್ಳೋಕೆ ಕರೆದಿದಾರೆ. ಟೈಲರೂ ಕೇಳಿದಾರೆ. ಎಲ್ಲರದ್ದೂ ನೋಡಬೇಕಲ್ವಾ? ಪೈಪೋಟಿ ಇದ್ರೆ ಒಳ್ಳೇದು ಅಂತ ನೀವೇ ಹೇಳ್ತಿದ್ರಿ."

ಕತ್ತರಿಯಣ್ಣ ಸರಳನ್ನು ಇನ್ನೂ ಬಿಗಿಯಾಗಿ ಹಿಡಿದ. ಮೆಡಿಕಲ್ ಶಾಪಿನವನು! ಅವನ ಕಿವಿ ಇಷ್ಟು ದಿನ ತನ್ನ ಕೈಯಲ್ಲೇ ಇತ್ತಲ್ಲ, ಛೆ! ಹಲ್ಲು ಕಚ್ಚಿಕೊಂಡು, ಆದಷ್ಟು ಸಹಜವಾಗಿ, ಆ ಮನುಷ್ಯ ಏನು ಕೊಡುತ್ತಾನಂತೆ ಎಂದು ಕೇಳಿದ.

"ತಿರುಗೋ ಕುರ್ಚಿ," ಅಂದಳು ಅತ್ತಿಗೆ. "ಬೆನ್ನಿಗೆ ಮೆತ್ತೆ, ಕೈಗೆ ಆಸರೆ."

ಕತ್ತರಿಯಣ್ಣ ಅಲ್ಲೇ ಓಣಿಯಲ್ಲಿ ನಿಂತು ಸ್ವಲ್ಪ ಹೊತ್ತು ಲೆಕ್ಕ ಹಾಕಿದ. ಆಮೇಲೆ ಸರಳಿನ ಹತ್ತಿರ ಬಾಯಿ ತಂದು, ಅದಕ್ಕಿಂತ ಮೇಲಿನದು ನಾನು ಕೊಡುತ್ತೇನೆ ಎಂದು ಪಿಸುಗುಟ್ಟಿದ. ಅವಳು ಅವನ ಮುಖವನ್ನೇ ನೋಡಿ, ನಿಜ ಹೇಳುತ್ತಿದ್ದಾನೆಂದು ಖಾತ್ರಿ ಮಾಡಿಕೊಂಡು, "ಸರಿ" ಅಂದಳು. ಈ ಸಲದ್ದು ಮಾಮೂಲಿ ಸರಿ.

ಮರುದಿನವೇ ಮೂರು ಮಷೀನು ತಂತಮ್ಮ ಕಂಪನಿಗೆ ವಾಪಸ್ ಹೋದವು. ಹಳದಿ ಹೋಗುವಾಗಲೂ ಚೀಲದೊಳಗಿಂದ ಕ್ಷಮೆ ಕೇಳುತ್ತಲೇ ಹೋಯಿತು. ಕಡಿಮೆ ಮಾತಾಡುವ ಕಪ್ಪನ್ನು ಮಾತ್ರ ಅತ್ತಿಗೆ ತಾನೇ ಆರಿಸಿ ಇಟ್ಟುಕೊಂಡಳು. ಬಾಡಿಗೆ ಬೇಡ, ಕಚ್ಚುವುದೂ ಕಮ್ಮಿ ಇರಬೇಕು ಎಂದು ಫೋನಿನಲ್ಲಿ ಅವಳೇ ಮಾತಾಡಿ ಒಪ್ಪಿಸಿದಳು. ಅವಳಿಗೆ ಯಾರೂ ಪಿಟೀಲು ಕೇಳಿಸಲಿಲ್ಲ.

ಅಂಗಡಿ ತೆರೆದ ಕೂಡಲೇ ಮೊದಲಿಗೆ ಬಂದವರು ಮೇಷ್ಟ್ರು. ಹೊಸ್ತಿಲಲ್ಲೇ ನಿಂತರು. ಕನ್ನಡಿಯ ಮುಂದೆ ಕುರ್ಚಿ ಇಲ್ಲ. ನೆಲದಲ್ಲಿ ನಾಲ್ಕು ಬೋಲ್ಟಿನ ತೂತುಗಳಷ್ಟೇ ಇವೆ. ಅವರ ಕಣ್ಣು ಗಲ್ಲಾದ ಕಡೆ ಹೊರಳಿತು. ಅಲ್ಲಿ, ಬೀದಿಯವರೆಲ್ಲ ವರ್ಷಗಟ್ಟಲೆ ಕೂತು ತಲೆ ಒಪ್ಪಿಸಿದ ಆ ಕೆಂಪು ಮೆತ್ತೆಯ ಕ್ಷೌರದ ಕುರ್ಚಿಯ ಮೇಲೆ, ಹಿಡಿ ಒತ್ತಿ ಒತ್ತಿ ಎಷ್ಟು ಎತ್ತರಿಸಬಹುದೋ ಅಷ್ಟು ಎತ್ತರಿಸಿಕೊಂಡು, ಕಾಲಿಗೆ ಕಾಲುಮಣೆ, ಕೈಗೆ ಆಸರೆ, ಬೆನ್ನಿಗೆ ಮೆತ್ತೆ ಕೊಟ್ಟುಕೊಂಡು ಅತ್ತಿಗೆ ಪಟ್ಟಕ್ಕೇರಿದ್ದಳು. ಮಂಡಿ ಹೇಗಿದೆ ಮೇಷ್ಟ್ರೇ ಎಂದು ಅಷ್ಟು ಎತ್ತರದಿಂದಲೇ ವಿಚಾರಿಸಿದಳು.

ಮೇಷ್ಟ್ರು ಅವಳನ್ನು ನೋಡಿದರು, ತೂತುಗಳನ್ನು ನೋಡಿದರು, ಸರದಿಯವರು ಕೂರುವ ಬೆಂಚಿನ ಮುಂದೆ ಬಟ್ಟೆ ಝಾಡಿಸಿಕೊಂಡು ಮಂಡಿಯೂರಿ ಕಾಯುತ್ತಿದ್ದ ಕತ್ತರಿಯಣ್ಣನನ್ನೂ ನೋಡಿದರು.

"ಏನಪ್ಪಾ, ಇದ್ದ ಒಂದು ಕುರ್ಚೀನ ಅವರಿಗೆ ಕೊಟ್ಟುಬಿಟ್ರೆ ಗಿರಾಕಿಗೆ ಇನ್ನೇನು ಆಯ್ಕೆ ಉಳೀತು?"

"ಇದೆಯಲ್ಲ ಸಾರ್," ಅಂದ ಕತ್ತರಿಯಣ್ಣ ಬಲು ವಿನಯದಿಂದ. "ಬೆಂಚಿನ ಈ ತುದೀಲಿ ಕೂತ್ಕೋತೀರೋ, ಆ ತುದೀಲಿ ಕೂತ್ಕೋತೀರೋ?"